ಗೋಡೆಯ ಮೇಲೆ ನಿಂತ ಚುಕ್ಕೆ

ಚಿಮಟದಮ್ಮ ಉಸಿರು ಬಿಗಿಹಿಡಿದಳೆಂದರೆ ಇಡೀ ಕೋಣೆ ಉಸಿರು ಬಿಗಿಹಿಡಿಯುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಎಳ್ಳಿನ ಅರ್ಧದಷ್ಟಿರುವ ಕನ್ನಡಿ, ಅವಳ ಕೈಯಲ್ಲಿ ಸೂಜಿಗಿಂತ ಚೂಪಾದ ಚಿಮಟ. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ಬಡಿದರೆ, ಸೀನಿದರೆ, ಜೋರಾಗಿ ನಕ್ಕರೂ ಸಾಕು, ಆರು ಜನ ಹನ್ನೊಂದು ವಾರ ಕೂತು ಮಾಡಿದ್ದು ಗಾಳಿಪಾಲು. ನೆಲದ ಮೇಲೆ ಬಿದ್ದ ಕನ್ನಡಿಯನ್ನು ಆ ಲ್ಯಾಬಿನಲ್ಲಿ ಇವತ್ತಿನವರೆಗೆ ಯಾರೂ ಹುಡುಕಿ ತೆಗೆದದ್ದಿಲ್ಲ.

"ಏನಮ್ಮಾ, ಕೂತ್ಕೊಳ್ತಾ?" ಎಂದು ಸರ್ಕ್ಯೂಟ್ ಇಂಜಿನಿಯರ್ ಪಿಸುದನಿಯಲ್ಲಿ ಕೇಳುವನು.

"ಕೂತ್ಕೊಳ್ತು. ಇನ್ನು ಎಲ್ಲಾರೂ ಕೆಮ್ಮಿಕೊಳ್ಳಿ."

ಆಗ ಕೋಣೆಯ ತುಂಬ ಕೆಮ್ಮು, ಕುರ್ಚಿ ಎಳೆಯುವ ಸದ್ದು, ಅರ್ಧಕ್ಕೇ ನಿಂತಿದ್ದ ಹರಟೆ.

ಹತ್ತೊಂಬತ್ತು ವರ್ಷದ ಹಿಂದೆ ಅವಳು ಅಲ್ಲಿಗೆ ಬಂದದ್ದು ಗಾಜಿನ ಬೀಕರು ತೊಳೆಯುವುದಕ್ಕೆ. ಅದಕ್ಕೂ ಮೊದಲು ಅಕ್ಕನ ಜೊತೆ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ತಾಯಿಯಿಲ್ಲದ ತಂಗಿಗೆ ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅನ್ನ ಹಾಕಿದವಳೂ ಆ ಅಕ್ಕನೇ. ಒಂದು ದಿನ ಲ್ಯಾಬಿನಲ್ಲಿ ಇಬ್ಬರು ಡಾಕ್ಟರೇಟುಗಳು ಒಂದು ಕನ್ನಡಿಯನ್ನು ತಟ್ಟೆಯಿಂದ ಎತ್ತಲಾರದೆ ಬೆವರು ಸುರಿಸುತ್ತಿದ್ದಾಗ, ಬೀಕರು ಕೆಳಗಿಟ್ಟು, "ಕೊಡಿ ಇಲ್ಲಿ" ಎಂದಳು. ಎತ್ತಿದಳು, ಇಡಬೇಕಾದಲ್ಲಿ ಇಟ್ಟಳು, ಮತ್ತೆ ಬೀಕರಿಗೆ ಕೈಹಾಕಿದಳು. ಅಂದಿನಿಂದ ಅವಳು ಎಲ್ಲರಿಗೂ ಚಿಮಟದಮ್ಮ, ಆ ಲ್ಯಾಬಿನ ಪ್ರತಿಯೊಂದು ಕನ್ನಡಿಯೂ ಅವಳ ಕೈಯಲ್ಲೇ ಹಾದುಹೋಗಿದೆ. ಆ ಕನ್ನಡಿಗಳ ಬಗ್ಗೆ ಎಪ್ಪತ್ತಕ್ಕೂ ಮೇಲ್ಪಟ್ಟು ಸಂಶೋಧನಾ ಲೇಖನಗಳು ಅಚ್ಚಾಗಿವೆ. ಒಂದರಲ್ಲೂ ಅವಳ ಹೆಸರಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಅವಳ ಗುತ್ತಿಗೆ ಕಾಗದ ಹೊಸದಾಗುತ್ತದೆ. ಹನ್ನೆರಡು ತಿಂಗಳಾದರೆ ಅವಳನ್ನು ಕಾಯಂ ಮಾಡಬೇಕಾಗುತ್ತದಲ್ಲ, ಅದಕ್ಕೆ.

ಕನ್ನಡಿಯ ಕೆಲಸ ಏನೆಂದು ಅಕ್ಕ ಕೇಳಿದಾಗ ಅವಳು ಹೇಳಿದ್ದು ಹೀಗೆ: "ಜೋಕಾಲಿ ಇದ್ದಂಗೆ ಅಕ್ಕಾ. ಎರಡು ಕಡೆ ಕೂದಲಿಗಿಂತ ಸಣ್ಣ ಕಡ್ಡಿ, ನಡುವೆ ಕನ್ನಡಿ. ಕರೆಂಟು ಕೊಟ್ರೆ ಸೆಕೆಂಡಿಗೆ ಎರಡು ಸಾವಿರ ಸಲ ತೂಗತ್ತೆ. ಅದರ ಮೇಲೆ ಬೆಳಕಿನ ಚುಕ್ಕೆ ಬಿಟ್ರೆ, ಚುಕ್ಕೆ ಹೋಗಿ ಗೆರೆ ಆಗತ್ತೆ. ಗೆರೆ ಪಕ್ಕ ಗೆರೆ, ಗೆರೆ ಪಕ್ಕ ಗೆರೆ, ಹಂಗೇ ಕಣ್ಣಿನ ಹಿಂದಿನ ಪೊರೆ, ರೆಟಿನಾ ಅಂತಾರಲ್ಲ, ಅದರ ಪೂರಾ ಚಿತ್ರ ಬರತ್ತೆ. ಕೊಯ್ಯೋದಿಲ್ಲ, ಚುಚ್ಚೋದಿಲ್ಲ."

ಯಂತ್ರವೂ ಹಾಗೇ ಇತ್ತು. ಗದ್ದ ಊರಿ ಕೂರಲು ಒಂದು ಬಟ್ಟಲು, ಎದುರಿಗೆ ಕಣ್ಣಿಟ್ಟು ನೋಡಲು ಒಂದು ರಂಧ್ರ. ಒಳಗಿನ ಬೆಳಕು ಕಣ್ಣಿಗೆ ಕಾಣುವ ಜಾತಿಯದಲ್ಲ. ಕೂತವನಿಗೆ ಬೆಳಕು ಬಿತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಕನ್ನಡಿ ತೂಗುತ್ತಿರುವವರೆಗೆ ಆ ಬೆಳಕು ಪೊರೆಯ ಮೇಲೆ ಓಡಾಡುತ್ತಿರುತ್ತದೆ, ಯಾವ ಜಾಗಕ್ಕೂ ಹೆಚ್ಚು ತಾಗುವುದಿಲ್ಲ. ಕನ್ನಡಿ ನಿಂತರೆ ಬೆಳಕೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಡುವುದನ್ನು ಚಿಕ್ಕಂದಿನಲ್ಲಿ ಯಾರು ಮಾಡಿಲ್ಲ? ಹಾಗೆ. ಅದಕ್ಕೇ ಒಂದು ಕಾವಲು ಸರ್ಕ್ಯೂಟ್ ಇಟ್ಟಿದ್ದರು. ಕನ್ನಡಿ ತೂಗುವುದನ್ನು ಅದು ಸದಾ ಆಲಿಸುತ್ತಿರಬೇಕು. ತೂಗಾಟ ನಿಂತ ತಕ್ಷಣ ಬೆಳಕನ್ನು ಕಡಿದುಹಾಕಬೇಕು. ಕೂತವನ ಕಣ್ಣಿಗೂ ಸುಡುವ ಬೆಳಕಿಗೂ ನಡುವೆ ಇದ್ದದ್ದು ಅದೊಂದೇ.

ಎರಡು ವರ್ಷದ ಹಿಂದೆ ಲ್ಯಾಬಿಗೆ ಹಣ ಕೊಡುವ ದೊಡ್ಡ ಮನುಷ್ಯರು ಬಂದರು. ಕೋಟು, ಟೈ, ಎದೆಗೆ ಅಂಟಿಸಿದ ಚೀಟಿ. ಲ್ಯಾಬಿನ ಮುಖ್ಯಸ್ಥರು ಯಂತ್ರ ಚಾಲು ಮಾಡಿದರೆ ಕಾವಲು ಸರ್ಕ್ಯೂಟ್ ಟಕ್ಕೆಂದು ಬೆಳಕು ಕಡಿಯಿತು. ಮತ್ತೆ ಚಾಲು, ಮತ್ತೆ ಟಕ್. ಕನ್ನಡಿಯೇನೋ ಚೆನ್ನಾಗಿಯೇ ತೂಗುತ್ತಿತ್ತು, ಕಾವಲಿಗೇ ಅನುಮಾನದ ರೋಗ. ದೊಡ್ಡ ಮನುಷ್ಯರಲ್ಲೊಬ್ಬ ವಾಚು ನೋಡಿದ. ಸರ್ಕ್ಯೂಟ್ ಇಂಜಿನಿಯರ್ ಯಂತ್ರದ ಹಿಂದೆ ಬಗ್ಗಿ ಚಿಮಟದಮ್ಮನ ಕಿವಿಯಲ್ಲಿ, "ಆ ನೀಲಿ ಸ್ಕ್ರೂ ಒಂಚೂರು ಇಳಿಸಿಬಿಡಿ, ಮಾನ ಉಳಿಸಿ" ಎಂದ. ಅವಳ ಕೈ ಅಷ್ಟೊಂದು ಸಣ್ಣ ಜಾಗಕ್ಕೂ ಹೋಗುತ್ತಿತ್ತು. ತೂಗಾಟ ಎಷ್ಟು ಕುಗ್ಗಿದರೆ ಬೆಳಕು ಕಡಿಯಬೇಕೆಂದು ಕಾವಲಿಗೆ ಹೇಳುವುದು ಆ ಸ್ಕ್ರೂ. ಅವಳು ಕಾಲು ಸುತ್ತು ತಿರುಗಿಸಿದಳು. ಟಕ್ ನಿಂತಿತು. ಚಿತ್ರ ಬಂತು, ಚಪ್ಪಾಳೆ ಬಿತ್ತು, ಯೋಜನೆ ಮುಂದುವರಿಯಿತು.

ಆ ಸ್ಕ್ರೂವನ್ನು ಆಮೇಲೆ ಯಾರೂ ಹಿಂದಕ್ಕೆ ತಿರುಗಿಸಲಿಲ್ಲ. ನಕ್ಷೆ ಬರೆಯುವವನು ಯಂತ್ರ ಇದ್ದ ಹಾಗೆಯೇ ನಕಲು ಮಾಡಿಕೊಂಡ. ಹೊಸ ಯಂತ್ರಕ್ಕೂ ಅದೇ ಅಳತೆ, ಪರೀಕ್ಷೆಯ ಪೆಟ್ಟಿಗೆಗೂ ಅದೇ ಅಳತೆ.

ಆ ಪರೀಕ್ಷೆಯ ಪೆಟ್ಟಿಗೆ ಚಿಮಟದಮ್ಮನ ಸುಪರ್ದಿಗೆ ಬಂತು. ಅದರೊಳಗೆ ಹನ್ನೆರಡು ಕನ್ನಡಿ, ಮುಚ್ಚಳ ಹಾಕಿ ಮುದ್ರೆ ಒತ್ತಿದ್ದು. ಒಂದೊಂದೂ ಐದು ಸಾವಿರ ಕೋಟಿ ಸಲ ತೂಗಿದರೆ ಮನುಷ್ಯರ ಕಣ್ಣಿಗೆ ಹಿಡಿಯಬಹುದೆಂದು ಒಪ್ಪಂದ. ಅಷ್ಟಾಗಲು ಇನ್ನೂರ ಎಂಬತ್ತೊಂಬತ್ತು ದಿನ ಬೇಕು. ರಜೆಯ ದಿನವೂ ಬಂದು ಕಾವಲು ಕೇಳಿಸಿಕೊಂಡ ತೂಗಾಟ ಪರದೆಯ ಮೇಲೆ ಹನ್ನೆರಡು ಅಲೆಯಾಗಿ ಏಳುತ್ತಿರುವುದನ್ನು ನೋಡಿ, ಪುಸ್ತಕದಲ್ಲಿ "ಸರಿ" ಎಂದು ಬರೆದು ಹೋಗುತ್ತಿದ್ದಳು. ಕೊನೆಯ ದಿನ ಹನ್ನೆರಡಕ್ಕೆ ಹನ್ನೆರಡೂ ಪಾಸು. ಮುಖ್ಯಸ್ಥರು ಮೊದಲ ಸಲ ಅವಳ ಕೈಕುಲುಕಿದರು.

"ನಲವತ್ತು ಜನರ ಮೇಲೆ ಪ್ರಯೋಗ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿರೋರು ಬೇಕು. ನಿಮ್ಮ ಮನೇಲಿ ಯಾರಾದ್ರೂ ಇದ್ರೆ ಹೆಸರು ಕೊಡಿ" ಎಂದರು.

ಅವಳು ಮನೆಗೆ ಹೋಗುವ ತನಕವೂ ಕಾಯಲಿಲ್ಲ. ಅಲ್ಲೇ ಅಕ್ಕನ ಹೆಸರು ಕೊಟ್ಟಳು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣಿನ ಒಳಗನ್ನು ನೋಡಿಸಲು ಅಕ್ಕನಿಗೆ ಸಿಕ್ಕಿದ್ದ ತಾರೀಖು ಏಳು ತಿಂಗಳು ಆಚೆಗಿತ್ತು. ಅಷ್ಟರಲ್ಲಿ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುವ ಗತಿ ಬಂದಿತ್ತು.

ಪ್ರಯೋಗಕ್ಕೆ ಇನ್ನು ಮೂರು ವಾರ. ಹೊಸ ಕನ್ನಡಿಗಳಿಗೆ ಜಾಗ ಬೇಕೆಂದು ಚಿಮಟದಮ್ಮ ಪೆಟ್ಟಿಗೆಯ ಮುದ್ರೆ ಒಡೆದು ಹಳೆಯವನ್ನು ಒಂದೊಂದಾಗಿ ಎತ್ತತೊಡಗಿದಳು. ಮಧ್ಯಾಹ್ನದ ಹೊತ್ತು. ಉಳಿದವರು ಊಟಕ್ಕೆ ಹೋಗಿದ್ದರು. ಏಳನೆಯ ಕನ್ನಡಿ ಸೂಕ್ಷ್ಮದರ್ಶಕದ ಕೆಳಗೆ ಬಂದಾಗ ಅವಳು ಚಿಮಟ ಕೆಳಗಿಟ್ಟಳು. ಒಂದು ಕಡೆಯ ಕಡ್ಡಿ ಮುರಿದಿದೆ. ಕನ್ನಡಿ ವಾಲಿ ತಳಕ್ಕೆ ಅಂಟಿಕೊಂಡಿದೆ. ಮುರಿದ ತುದಿಯ ಸುತ್ತ ಹಿಟ್ಟಿನಂಥ ಪುಡಿ. ಇವತ್ತು ಮುರಿದದ್ದಲ್ಲ.

ಹಾಗಿದ್ದರೆ ಪರದೆಯ ಮೇಲೆ ಅಲೆ ಎಲ್ಲಿಂದ ಬಂತು?

ಅವಳು ಅದನ್ನೂ ಮೊದಲು ಎತ್ತಿದ್ದವನ್ನೂ ಪೆಟ್ಟಿಗೆಗೆ ಮರಳಿಸಿ ಕರೆಂಟು ಕೊಟ್ಟಳು. ಪರದೆಯ ಮೇಲೆ ಏಳನೆಯದರ ಅಲೆಯೂ ಎದ್ದಿತು, ಸ್ವಲ್ಪ ಕುಳ್ಳಗೆ, ಆದರೂ ಲಕ್ಷಣವಾಗಿ. ಪರೀಕ್ಷೆಯ ಕೆಂಪು ಲೇಸರನ್ನು ಕನ್ನಡಿಗಳ ಮೇಲೆ ಒಂದೊಂದಾಗಿ ಬಿಟ್ಟು ಗೋಡೆ ನೋಡಿದಳು. ಆರನೆಯದು ಗೋಡೆಯ ಮೇಲೆ ಗೇಣುದ್ದದ ಗೆರೆ ಎಳೆಯಿತು. ಎಂಟನೆಯದು ಗೆರೆ ಎಳೆಯಿತು. ಏಳನೆಯದರದ್ದು ಒಂದು ಚುಕ್ಕೆ. ಅಲುಗದೆ, ಮಿಟುಕದೆ, ಸುಣ್ಣದ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಇತ್ತ ಪರದೆ ಮಾತ್ರ ಕನ್ನಡಿ ತೂಗುತ್ತಿದೆ, ತೂಗುತ್ತಿದೆ ಎಂದು ಹೇಳುತ್ತಲೇ ಇತ್ತು.

ಅವಳು ಓದಿದವಳಲ್ಲ, ಆದರೆ ಹತ್ತೊಂಬತ್ತು ವರ್ಷ ಕಿವಿ ತೆರೆದು ಕೂತವಳು. ತೂಗಿಸಲು ಕಳಿಸಿದ ಕರೆಂಟೇ ಪಕ್ಕದ ತಂತಿಗೆ ಸೋರಿ, ಕೇಳಿಸಿಕೊಳ್ಳುವ ಕಿವಿಗೆ ಬೀಳುತ್ತಿದೆ. ಕಾವಲಿನವನು ತನ್ನ ಯಜಮಾನನ ಕೂಗಿನ ಮಾರ್ದನಿಯನ್ನೇ ಕೇಳಿ ಎಲ್ಲವೂ ಕ್ಷೇಮ ಎನ್ನುತ್ತಿದ್ದಾನೆ. ಸ್ಕ್ರೂ ಮೊದಲಿನ ಜಾಗದಲ್ಲೇ ಇದ್ದಿದ್ದರೆ ಈ ಕುಳ್ಳ ಅಲೆಗೆ ಟಕ್ಕೆನ್ನುತ್ತಿತ್ತು. ಆ ಕಾಲು ಸುತ್ತು ತಿರುಗಿಸಿದ್ದು ತನ್ನ ಕೈ.

ಯಂತ್ರದ ನೆನಪಿನಲ್ಲಿದ್ದ ಅಂಕಿಗಳನ್ನು ಹಿಂದಕ್ಕೆ ಹಿಂದಕ್ಕೆ ಉರುಳಿಸಿದಳು. ಏಳನೆಯದರ ಅಲೆ ಕುಗ್ಗಿದ್ದು ಅರವತ್ತಮೂರನೆಯ ದಿನ. ಅಂದರೆ ಸತ್ತ ಕನ್ನಡಿಯ ಮುಂದೆ ಕೂತು ಇನ್ನೂರ ಇಪ್ಪತ್ತಾರು ದಿನ "ಸರಿ" ಎಂದು ಬರೆದಿದ್ದಳು, ತನ್ನದೇ ಅಕ್ಷರದಲ್ಲಿ.

ಊಟ ಮುಗಿಸಿ ಬಂದ ಇಂಜಿನಿಯರಿಗೆ ಅವಳು ಗೋಡೆ ತೋರಿಸಿದಳು. ಅವನು ಚುಕ್ಕೆ ನೋಡಿದ, ಪರದೆ ನೋಡಿದ, ಮತ್ತೆ ಚುಕ್ಕೆ ನೋಡಿದ.

"ನಾನು ಅವತ್ತು ಒಂದಿನದ ಮಟ್ಟಿಗೆ ಅಂತ ಹೇಳಿದ್ದು."

"ಆಮೇಲೆ ಎತ್ತಿ ಅಂತ ಹೇಳ್ಲಿಲ್ವಲ್ಲಪ್ಪಾ."

"ತಿರುಗಿಸಿದ ಕೈ ನಿಮ್ಮದು ಅಮ್ಮಾ," ಎಂದ. ಕೂಡಲೇ ನಾಲಿಗೆ ಕಚ್ಚಿಕೊಂಡ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹೂಂ, ನಂದೇ. ಈಗ ವಾಪಸ್ ತಿರುಗಿಸಿದ್ರೆ?"

"ಒಳ್ಳೇ ಕನ್ನಡಿಗೂ ಟಕ್ ಅನ್ನತ್ತೆ. ಹೊಸ ಸರ್ಕ್ಯೂಟೇ ಮಾಡ್ಬೇಕು. ಎಂಟು ತಿಂಗಳಾದ್ರೂ ಬೇಕು."

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವರು ಪೂರ್ತಿ ಕೇಳಿದರು, ಎದ್ದು ಲ್ಯಾಬಿನ ಗೋಡೆಯ ಹತ್ತಿರ ಬಂದು ಚುಕ್ಕೆ ನೋಡಿದರು, ಕನ್ನಡಕ ತೆಗೆದು ಒರೆಸಿದರು.

"ನೀವು ಹೇಳ್ತಿರೋದು ಸುಳ್ಳು ಅಂತ ನಾನು ಅಂತಿಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ. ಹತ್ತು ತಿಂಗಳಲ್ಲಿ ಹನ್ನೆರಡರಲ್ಲಿ ಒಂದು ಮುರೀತು. ನಮ್ಮ ಪ್ರಯೋಗ ಎರಡೇ ವಾರ, ಕನ್ನಡಿ ಹೊಸದು. ಅದೂ ಯಾರಾದ್ರೂ ಕೂತಿರೋ ಆ ಎರಡು ನಿಮಿಷದಲ್ಲೇ ಮುರೀಬೇಕು. ಸಾವಿರದಲ್ಲಿ ಒಂದೂ ಇಲ್ಲ."

"ಒಂದು ಅಂದ್ರೆ ಒಬ್ಬರು ಅಲ್ವಾ ಸರ್?"

"ಚಿತ್ರ ಹೋದ ತಕ್ಷಣ ಮಿಷನ್ ನಡೆಸೋನು ಪೆಡಲಿಂದ ಕಾಲು ತೆಗೀತಾನೆ, ಬೆಳಕು ಆರತ್ತೆ."

"ಅವನು ಕೆಲಸಕ್ಕೆ ಸೇರಿ ಒಂದು ತಿಂಗಳಾಗಿಲ್ಲ ಸರ್. ಚಿತ್ರ ಹೋದ್ರೆ ಮೊದಲು ಪರದೆ ತಟ್ತಾನೆ."

ಅವರು ನಕ್ಕರು, ಅವಳೂ ನಕ್ಕಳು. ಆ ನಗು ಅಲ್ಲಿಗೇ ಸತ್ತಿತು.

"ಹಂಗಾದ್ರೆ ಒಂದು ಕೆಲಸ ಮಾಡಿ ಸರ್. ಹೀಗೀಗಿದೆ ಅಂತ ಕಾಗದದಲ್ಲಿ ಬರೆದು, ಕೂರೋರಿಗೆ ಓದೋಕೆ ಕೊಡಿ. ಅವರೇ ತೀರ್ಮಾನ ಮಾಡ್ಲಿ."

"ಬರೆದ್ರೆ ಯಾರು ಕೂರ್ತಾರಮ್ಮಾ?" ಎಂದರು ಮುಖ್ಯಸ್ಥರು, ನಿಜವಾಗಿಯೂ ಉತ್ತರ ಬೇಕು ಎನ್ನುವ ಹಾಗೆ. ಆಮೇಲೆ ದನಿ ತಗ್ಗಿಸಿ, "ಈ ಪ್ರಯೋಗ ನಿಂತ್ರೆ ಈ ಲ್ಯಾಬಿನ ಬಾಗಿಲು ಮುಚ್ಚತ್ತೆ. ಎಂಟು ಜನ. ನೀವೂ ಅದರಲ್ಲಿ ಒಬ್ರು. ಇದೇ ಯಂತ್ರ ನಾಳೆ ಸಾವಿರಾರು ಕಣ್ಣು ಉಳಿಸತ್ತೆ, ಅದನ್ನೂ ಯೋಚನೆ ಮಾಡಿ" ಎಂದರು.

ಅದು ಸುಳ್ಳಲ್ಲ, ಅವಳನ್ನು ಕೊಂದದ್ದೂ ಅದೇ. ನಾಳಿನ ಸಾವಿರ ಕಣ್ಣು ಯಾವಾಗಲೂ ತಕ್ಕಡಿಗೆ ಬಂದು ಕೂರುತ್ತವೆ. ಇವತ್ತಿನ ಒಂದು ಕಣ್ಣಿಗೆ ತಕ್ಕಡಿಯೇ ಸಿಗುವುದಿಲ್ಲ. ತೂಗುವವರು ಮಾತ್ರ ಯಾರೂ ತಮ್ಮ ಕಣ್ಣನ್ನು ತಟ್ಟೆಗೆ ಹಾಕಿದ್ದು ಕಂಡಿಲ್ಲ.

ಚಿಮಟದಮ್ಮ ಸುಮ್ಮನಾಗಲಿಲ್ಲ. ಹೊಲಿಗೆಯ ಕೈಯಲ್ಲಿ ಎರಡು ಪುಟ ಬರೆದು ಸುರಕ್ಷತಾ ಸಮಿತಿಗೆ ಕೊಟ್ಟಳು. ಏಳನೆಯ ಕನ್ನಡಿ, ಅರವತ್ತಮೂರನೆಯ ದಿನ, ನೀಲಿ ಸ್ಕ್ರೂ, ತಿರುಗಿಸಿದವಳು ತಾನು, ಎಲ್ಲವನ್ನೂ ಬರೆದಳು. ಸಮಿತಿಯಲ್ಲಿ ಮೂವರು. ಒಬ್ಬರು ಮುಖ್ಯಸ್ಥರ ಜೊತೆ ಲೇಖನ ಬರೆಯುವವರು. ಇನ್ನೊಬ್ಬರಿಗೆ ಹುಷಾರಿರಲಿಲ್ಲ. ಮೂರನೆಯವರು ಎರಡು ಪುಟವನ್ನು ಹತ್ತು ದಿನ ಮೇಜಿನ ಮೇಲೆ ಇಟ್ಟುಕೊಂಡು ಹನ್ನೊಂದನೆಯ ದಿನ ಒಂದು ಸಾಲಿನ ಉತ್ತರ ಕಳಿಸಿದರು: "ವಿಷಯವನ್ನು ಗಮನಿಸಲಾಗಿದೆ."

ಈ ಎರಡು ಪದಗಳ ಕೆಳಗೆ ಎಷ್ಟು ಜನರನ್ನು ಹೂತಿದ್ದೇವೆಂದು ಯಾರಾದರೂ ಎಣಿಸಬೇಕು. ಕುಸಿದ ಸೇತುವೆ, ಸೋರಿದ ಅನಿಲ, ಉರಿದ ಕಾರ್ಖಾನೆ, ಯಾವುದರ ಕಡತವನ್ನಾದರೂ ತೆರೆದು ನೋಡಿ. ವಿಷಯವನ್ನು ಯಾರೋ ಮೊದಲೇ ಗಮನಿಸಿರುತ್ತಾರೆ.

ಹೊರಗೆ ಹೇಳೋಣವೆಂದರೆ, ಲ್ಯಾಬಿನೊಳಗೆ ಕಂಡದ್ದನ್ನು ಹೊರಗೆ ಆಡುವುದಿಲ್ಲವೆಂದು ಪ್ರತಿ ಹನ್ನೊಂದು ತಿಂಗಳಿಗೊಮ್ಮೆ ಸಹಿ ಹಾಕಿದ್ದಳು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಒಂದೇ. ಪಟ್ಟಿಯಿಂದ ಅಕ್ಕನ ಹೆಸರು ತೆಗೆಸಿದಳು.

ಅಕ್ಕ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಗುಂಡಿ ವಿಂಗಡಿಸುತ್ತಿದ್ದಳು. ಬಣ್ಣ ಸರಿಯಾಗಿ ಕಾಣದೆ ಒಂದೊಂದನ್ನೂ ಬೆರಳಲ್ಲಿ ತಡವಿ ನೋಡುತ್ತಿದ್ದಳು.

"ಬೇಡ ಅಂದ್ರೆ ಏನರ್ಥ? ನನ್ನ ತಂಗಿ ಮಾಡಿದ ಕನ್ನಡಿ ನನ್ನ ಕಣ್ಣೊಳಗೆ ಇಣುಕತ್ತೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ. ಈಗ ನನ್ನ ಮುಖ ಎಲ್ಲಿಡ್ಲಿ?"

"ಮಿಷನ್ ಸರಿ ಇಲ್ಲ ಅಕ್ಕಾ. ಕನ್ನಡಿ ನಿಂತ್ರೂ ಅದಕ್ಕೆ ಗೊತ್ತಾಗಲ್ಲ. ಕಣ್ಣು ಸುಡಬಹುದು."

"ಹಂಗಿದ್ರೆ ನಿಲ್ಸೋಕೆ ಹೇಳು."

"ಹೇಳ್ದೆ. ನಿಲ್ಸಲ್ಲ ಅಂದ್ರು."

ಅಕ್ಕ ಗುಂಡಿಯ ಡಬ್ಬಿ ಪಕ್ಕಕ್ಕಿಟ್ಟಳು. "ನನ್ನ ಜಾಗದಲ್ಲಿ ಯಾರು ಕೂರ್ತಾರೆ?"

"ಪಟ್ಟೀಲಿ ಮುಂದಿನೋರು."

"ಅವರಿಗೆ ಗೊತ್ತಾ?"

ಅಕ್ಕ ಮಂಜಾದ ಕಣ್ಣಿಂದ ಅವಳ ಮುಖ ಎಲ್ಲಿದೆಯೋ ಅತ್ತ ತಿರುಗಿದಳು.

"ಒಳ್ಳೇದೇ ಕಲಿತಿದೀಯ," ಎಂದಳು. "ನಿನ್ನ ಸಾಕಿದ್ದಕ್ಕೆ ನನ್ನ ಕಣ್ಣು ಉಳೀತು ಅಂತ ಇಟ್ಕೊಳ್ಳೋಣ. ಅವರು ಯಾರನ್ನೂ ಸಾಕಿಲ್ಲ, ಪಾಪ."

ಡಬ್ಬಿಯನ್ನು ಮತ್ತೆ ಎಳೆದುಕೊಂಡಳು. ಬಿಳಿಯ ಗುಂಡಿಗಳ ನಡುವೆ ಹಳದಿಯೊಂದು ಸೇರಿಕೊಂಡಿದ್ದನ್ನು ತಂಗಿ ಕಂಡಳು, ತೆಗೆದಿಡಲು ಕೈ ಬರಲಿಲ್ಲ.

ಪ್ರಯೋಗದ ಮೊದಲ ದಿನ ಕ್ಲಿನಿಕ್ಕಿನ ಉದ್ದನೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಬಾಗಿಲಿಗೆ ಹೆಸರಿನ ಪಟ್ಟಿ ಅಂಟಿಸಿದ್ದರು. ಹೊಸ ಕನ್ನಡಿಯನ್ನು ಯಂತ್ರದಲ್ಲಿ ಕೂರಿಸಿದ್ದೂ ಚಿಮಟದಮ್ಮನೇ, ಆ ದಿನ ಬೆಳಿಗ್ಗೆ. ಬೇರೆ ಯಾರಾದರೂ ಕೂರಿಸಿದರೆ ಕಡ್ಡಿಗೆ ಬಿರುಕು ಬಿದ್ದೀತೆಂಬ ಭಯ. ತನ್ನಿಂದ ಆಗುವುದು ಅಷ್ಟೇ ಎಂದುಕೊಂಡು ಎಂದಿಗಿಂತ ನಿಧಾನವಾಗಿ ಇಟ್ಟಿದ್ದಳು. ಈಗ ಹೊರಬಂದು ಗೋಡೆಗೆ ಆತು ನಿಂತಳು. ಒಬ್ಬರಿಗಾದರೂ ಹೇಳಿಬಿಡಬೇಕು, ಆದದ್ದಾಗಲಿ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು.

ಮೊದಲ ಕುರ್ಚಿಯಲ್ಲಿ ನಿವೃತ್ತ ಬಸ್ ಡ್ರೈವರ್ ಕೂತಿದ್ದ. ಅಗಲ ಹೆಗಲು, ಕ್ಷೌರ ಮಾಡಿಸಿ ಹೊಳೆಯುತ್ತಿದ್ದ ಮುಖ, ಇಸ್ತ್ರಿ ಮಾಡಿದ ಅಂಗಿ.

"ಏನ್ ತಂಗೀ, ಇಲ್ಲೇ ಕೆಲಸಾನಾ? ನಿಮ್ಮಕ್ಕನ ಜಾಗ ನಂಗೆ ಸಿಕ್ತಂತೆ, ಆಫೀಸಿನೋರು ನಿಮ್ಮನ್ನ ತೋರಿಸಿ ಹೇಳಿದ್ರು. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಾನು ನಲವತ್ತೊಂದನೇ ಹೆಸರು. ನಲವತ್ತಕ್ಕೆ ನಿಂತೋಗಿತ್ತು ನೋಡಿ."

"ಆಸ್ಪತ್ರೇಲಿ ತಾರೀಖು ಸಿಗಲಿಲ್ವಾ ಅಣ್ಣಾ?"

"ಸಿಕ್ತು, ಒಂಬತ್ತು ತಿಂಗಳಿಗೆ! ಅಷ್ಟರಲ್ಲಿ ನಾನು ಬಸ್ಸು ಯಾವ್ದು ಬಸ್ ಸ್ಟಾಪ್ ಯಾವ್ದು ಅಂತ ತಡವಿ ನೋಡ್ಬೇಕಾಗತ್ತೆ." ಅವನು ತನ್ನ ಮಾತಿಗೆ ತಾನೇ ನಕ್ಕ. "ಮೂವತ್ನಾಲ್ಕು ವರ್ಷ ಓಡ್ಸಿದೀನಿ. ಒಂದು ನಾಯಿ ಕೂಡ ಸತ್ತಿಲ್ಲ ನನ್ನ ಚಕ್ರಕ್ಕೆ."

ಅವಳ ಬಾಯಿ ತೆರೆಯಿತು. ಮೊಗಸಾಲೆಯ ತುದಿಯಲ್ಲಿ ಮುಖ್ಯಸ್ಥರು ಯಾರೊಂದಿಗೋ ಮಾತಾಡುತ್ತ ನಿಂತಿದ್ದರು. ಇಂಜಿನಿಯರ್ ಕಾಗದಗಳನ್ನು ಎಣಿಸುತ್ತಿದ್ದ, ತಲೆಯೆತ್ತಲಿಲ್ಲ. ಎಂಟು ಜನ. ಏಳು ತಿಂಗಳು, ಒಂಬತ್ತು ತಿಂಗಳು. ಸಾವಿರದಲ್ಲಿ ಒಂದೂ ಇಲ್ಲ.

"ಅಣ್ಣಾ, ಒಳಗೆ ಕೂತಾಗ," ಎಂದಳು, "ಬೆಳಕು ಒಂದೇ ಕಡೆ ನಿಂತ ಹಂಗೆ ಅನ್ನಿಸಿದ್ರೆ ತಕ್ಷಣ ಕಣ್ಣು ಮುಚ್ಚಿಬಿಡಿ."

"ಓ, ಹಾಗಾ? ಸರಿ ಸರಿ. ಯಾರೂ ಹೇಳಿರ್ಲಿಲ್ಲ. ಒಳ್ಳೇದಾಯ್ತು ನೀವು ಹೇಳಿದ್ದು."

ಆ ಬೆಳಕು ಯಾರ ಕಣ್ಣಿಗೂ ಕಾಣುವುದಿಲ್ಲ. ಹೇಳುವಾಗಲೇ ಅವಳಿಗೆ ಅದು ಗೊತ್ತಿತ್ತು.

ಅವನ ಹೆಸರು ಕೂಗಿದರು. ಅವನು ಎದ್ದು ಅಂಗಿ ಸರಿಮಾಡಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು. ಒಳಗಿನಿಂದ ನಡೆಸುವವನ ದನಿ, "ಗದ್ದ ಇಲ್ಲಿಡಿ. ಹಾಂ. ಅಲ್ಲಾಡಬೇಡಿ." ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಅವನು ಕಣ್ಣು ಪಿಳಿಪಿಳಿ ಮಾಡುತ್ತ ಹೊರಬಂದ.

"ಏನೂ ಆಗ್ಲೇ ಇಲ್ಲ ತಂಗೀ! ಯಾವ ಬೆಳಕೂ ಕಾಣ್ಲಿಲ್ಲ. ಸುಮ್ನೆ ಹೆದರಿಸಿದ್ರಿ ನನ್ನ," ಎಂದು ಹೆಗಲು ಕುಣಿಸಿ ನಕ್ಕು ನಡೆದ.

ಏನೂ ಆಗಿರಲಿಕ್ಕಿಲ್ಲ. ಆಗಿದ್ದರೂ ಈಗಲೇ ತಿಳಿಯುವಂಥದ್ದಲ್ಲ. ಮೊದಲೇ ಮಂಜಾದ ಕಣ್ಣಿನಲ್ಲಿ ಇನ್ನೊಂದು ಕಪ್ಪು ಚುಕ್ಕೆ ಬಿದ್ದರೆ ಅದು ಕಾಯಿಲೆಯದೋ ಕನ್ನಡಿಯದೋ ಎಂದು ಯಾರು ಹೇಳುತ್ತಾರೆ? ಇನ್ನು ಮೂವತ್ತೊಂಬತ್ತು ಜನ, ಎರಡು ವಾರ.

"ಅಮ್ಮಾ, ಸುಮ್ನೆ ನಿಂತಿದೀರಲ್ಲ," ಎಂದು ಬಾಗಿಲಲ್ಲಿದ್ದ ನರ್ಸು ಅವಳ ಎದೆಯ ಮೇಲಿನ ಗುರುತಿನ ಚೀಟಿ ನೋಡಿ ಕರೆದಳು. "ಈ ಅಜ್ಜಿಗೆ ಒಬ್ಬರೇ ನಡೆಯೋಕಾಗಲ್ಲ. ಸ್ವಲ್ಪ ಒಳಗೆ ಕರ್ಕೊಂಡು ಬನ್ನಿ."

ಎರಡನೆಯ ಕುರ್ಚಿಯಿಂದ ಮುದುಕಿಯೊಬ್ಬಳು ಗಾಳಿಯಲ್ಲಿ ಕೈ ಚಾಚಿದ್ದಳು, ಯಾರಾದರೂ ಹಿಡಿಯುತ್ತಾರೆಂದು. ಚಿಮಟದಮ್ಮ ಹೋಗಿ ಆ ಕೈ ಹಿಡಿದಳು.

"ಕೈ ಎಷ್ಟು ಗಟ್ಟಿ ಇದೆ ನಿಂದು, ಒಂಚೂರೂ ನಡುಗಲ್ಲ," ಎಂದಳು ಮುದುಕಿ. "ಎಲ್ಲಿ ಕೂರ್ಬೇಕು ಮಗಳೇ?"

"ಇಲ್ಲೇ ಅಜ್ಜಿ. ನಿಧಾನ. ಹೊಸ್ತಿಲಿದೆ," ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.